ಅಳಿಸಿದರೆ ತಿಳಿಯುವ ಕಡತ

ಕಚೇರಿಯ ಕಾಗದಪತ್ರಗಳ ಕಟ್ಟನ್ನು ನಾವು ಇಂದು ‘ಕಡತ’ ಎಂದು ಕರೆಯುತ್ತೇವೆ. ಈ ಮಾತು ಮೊದಲು ಸೂಚಿಸುತ್ತಿದ್ದ ವಸ್ತು ಬೇರೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಕಪ್ಪು ಪುಸ್ತಕವೇ ಹಳೆಯ ಕಡತ. ಶ್ಯಾನುಭೋಗರು, ವರ್ತಕರು, ಮಠಗಳ ಲೆಕ್ಕಿಗರು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ, ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಕಡತದ ಅನುಕೂಲವೂ ಅದೇ, ಅಪಾಯವೂ ಅದೇ. ಕಲ್ಲಿನ ಶಾಸನದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಒಂದು ಅಕ್ಷರವನ್ನು ತೆಗೆಯಬೇಕಾದರೂ ಉಳಿಯನ್ನೇ ಹಿಡಿಯಬೇಕು; ತೆಗೆದ ಮೇಲೆಯೂ ಗಾಯ ಉಳಿದು, ಇಲ್ಲೇನೋ ನಡೆದಿದೆ ಎಂದು ಸಾರುತ್ತಿರುತ್ತದೆ.

ರೋಗಿಯೊಬ್ಬನ ಆರೋಗ್ಯದ ದಾಖಲೆ ಈ ಎರಡರಲ್ಲಿ ಯಾವುದರಂತೆ ಇರಬೇಕು? ದಿನದಿನವೂ ಅದಕ್ಕೆ ಹೊಸ ಸಂಗತಿಗಳು ಸೇರಬೇಕು. ತಪ್ಪಾಗಿ ಬರೆದದ್ದನ್ನು ತಿದ್ದಲು ಅವಕಾಶವಿರಬೇಕು. ಆ ಮಟ್ಟಿಗೆ ಅದು ಕಡತ. ಆದರೆ ಅದನ್ನು ನಂಬಿಯೇ ವೈದ್ಯನು ಔಷಧ ಕೊಡುತ್ತಾನೆ, ಶಸ್ತ್ರಚಿಕಿತ್ಸೆ ಮಾಡುತ್ತಾನೆ, ರಕ್ತವನ್ನು ಏರಿಸುತ್ತಾನೆ. ಆದುದರಿಂದ ಅದಕ್ಕೆ ಶಾಸನದ ಗಟ್ಟಿತನವೂ ಬೇಕು. ಗಣಕಯಂತ್ರ ಬಂದ ಮೇಲೆ ಈ ಇಕ್ಕಟ್ಟು ಇನ್ನೂ ಹೆಚ್ಚಿತು. ಬಳಪದ ಬರಹವನ್ನು ಒರಸಿದರೆ ಬಿಳಿಯ ಛಾಯೆಯಾದರೂ ಉಳಿಯುತ್ತಿತ್ತು. ಗಣಕಯಂತ್ರದಲ್ಲಿ ಅಳಿಸಿದ ಜಾಗದಲ್ಲಿ ಛಾಯೆಯೂ ಇಲ್ಲ. ಈ ಕೊರತೆಯನ್ನು ತುಂಬಲು ‘ಬ್ಲಾಕ್‌ಚೈನ್’ ಎಂಬ ತಂತ್ರವನ್ನು ಆರೋಗ್ಯ ದಾಖಲೆಗಳಿಗೂ ಅಳವಡಿಸಬಹುದೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಅನೇಕ ಕಡೆ ಕೇಳಿಬರುತ್ತಿದೆ. ಆ ತಂತ್ರ ಏನನ್ನು ಕಾಯಬಲ್ಲದು, ಏನನ್ನು ಕಾಯಲಾರದು ಎಂಬುದನ್ನು ವಿವೇಚಿಸುವುದು ಈ ಭಾಷಣದ ಉದ್ದೇಶ.

ಕನ್ನಡ ಪಾಠ ಹೇಳಿದವನಿಗೆ ಈ ವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಗ್ರಂಥಸಂಪಾದನೆಯನ್ನು ಬೋಧಿಸಿದವನಿಗೆ ಇಲ್ಲಿಯ ಪ್ರಶ್ನೆಗಳು ಹೊಸವಲ್ಲ. ಈ ಪಾಠ ಮೂಲದ್ದೋ, ಆಮೇಲೆ ಸೇರಿದ್ದೋ? ತಿದ್ದಿದವರು ಯಾರು? ಯಾವ ಕಾಲದಲ್ಲಿ ತಿದ್ದಿದರು? ಪ್ರಕ್ಷೇಪವನ್ನು ಗುರುತಿಸುವ ಈ ಕೆಲಸವೇ ಇಲ್ಲಿ ಆಸ್ಪತ್ರೆಯ ದಾಖಲೆಗೆ ಸಂಬಂಧಿಸಿ ನಡೆಯಬೇಕಾಗಿದೆ. ಕಾವ್ಯದಲ್ಲಿ ಪಾಠ ಕೆಟ್ಟರೆ ರಸಕ್ಕೆ ಭಂಗ. ಇಲ್ಲಿ ಕೆಟ್ಟರೆ ಪ್ರಾಣಕ್ಕೆ ಹಾನಿ.

ಬ್ಲಾಕ್‌ಚೈನ್ ಎಂದೊಡನೆ ಬಿಟ್‌ಕಾಯಿನ್ ಎಂಬ ನಾಣ್ಯವಲ್ಲದ ನಾಣ್ಯ ನೆನಪಾಗುವುದು ಸಹಜ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ ಕೊನೆಯಲ್ಲಿ ಪ್ರಕಟವಾದ 9 ಪುಟಗಳ ಲೇಖನ ಅದರ ಮೂಲ. ಆ ಲೇಖನದ ಕೊನೆಯಲ್ಲಿ ಹೆಸರಿಸಿರುವ ಆಧಾರಗ್ರಂಥಗಳು 8. ಅವುಗಳಲ್ಲಿ 3 ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟ ಎಂಬಿಬ್ಬರು ಬರೆದವು ಅಥವಾ ಅವರು ಸಹಲೇಖಕರಾಗಿದ್ದವು. ಇವರು ಅಮೆರಿಕದ ಬೆಲ್‌ಕೋರ್ ಸಂಶೋಧನಾಲಯದಲ್ಲಿದ್ದವರು. ಗಣಕಯಂತ್ರದ ದಾಖಲೆಯೊಂದು ಇಂಥ ಹೊತ್ತಿನಲ್ಲಿ ಇಂಥ ರೂಪದಲ್ಲಿಯೇ ಇತ್ತು ಎಂದು ಸಿದ್ಧಪಡಿಸುವ ಬಗೆಯನ್ನು ಅವರು 1991ರಲ್ಲಿ ಪ್ರಕಟಿಸಿದರು. ಎಂದರೆ, ಈ ಸರಪಳಿ ಹುಟ್ಟಿದ್ದು ದಾಖಲೆಯ ಚಿಂತೆಯಿಂದ. ಹಣದ ವ್ಯವಹಾರಕ್ಕೆ ಅದು ಹೋದದ್ದು ಅನಂತರ.

ಈ ಸರಪಳಿಯ ಮೊದಲ ಕೊಂಡಿಗೆ ‘ಹ್ಯಾಶ್’ ಎಂದು ಹೆಸರು. ಇದನ್ನು ದಾಖಲೆಯ ಬೆರಳಚ್ಚು ಎನ್ನಬಹುದು. ನಮ್ಮ ಓಲೆಗರಿಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸುತ್ತಿದ್ದುದುಂಟು. 32 ಅಕ್ಷರಗಳಿಗೆ ಒಂದು ‘ಗ್ರಂಥ’ ಎಂಬುದು ಆ ಲೆಕ್ಕ. ಲಿಪಿಕಾರನ ಸಂಭಾವನೆಗೂ ಅದು ಆಧಾರ. ನಡುವೆ ಓಲೆಗಳು ಕಳೆದುಹೋಗಿದ್ದರೆ ಅದರಿಂದ ಪತ್ತೆಯಾಗುತ್ತಿತ್ತು. ಆದರೆ ಒಂದು ಪದ್ಯವನ್ನು ತೆಗೆದು, ಅಷ್ಟೇ ಅಳತೆಯ ಇನ್ನೊಂದನ್ನು ಸೇರಿಸಿದರೆ ಎಣಿಕೆ ಏನನ್ನೂ ಹೇಳದು. ಹ್ಯಾಶ್ ಎಂಬುದು ಈ ದೋಷವಿಲ್ಲದ ಎಣಿಕೆ. ದಾಖಲೆಯ ಪ್ರತಿಯೊಂದು ಅಕ್ಷರವನ್ನೂ ಅದರ ಸ್ಥಾನವನ್ನೂ ಗಣಿತದ ಒಂದು ಗಾಣದಲ್ಲಿ ಹಾಕಿ ಅರೆದು, ಕೊನೆಗೆ ಒಂದೇ ಗೊತ್ತಾದ ಉದ್ದದ ಸಂಖ್ಯೆಯನ್ನು ತೆಗೆಯುತ್ತಾರೆ. ಎಸ್‌ಎಚ್‌ಎ-256 ಎಂಬ ಬಳಕೆಯಲ್ಲಿರುವ ವಿಧಾನದಲ್ಲಿ ಆ ಬೆರಳಚ್ಚು 64 ಚಿಹ್ನೆಗಳಷ್ಟು ಉದ್ದ. ದಾಖಲೆ ಒಂದು ಸಾಲಿನದಾಗಿರಲಿ, ಸಾವಿರ ಪುಟದ್ದಾಗಿರಲಿ, ಬೆರಳಚ್ಚಿನ ಉದ್ದ ಅಷ್ಟೇ.

ಇದರ ಗುಣಗಳು ಎರಡು. ದಾಖಲೆಯಿಂದ ಬೆರಳಚ್ಚನ್ನು ಕ್ಷಣದಲ್ಲಿ ಪಡೆಯಬಹುದು. ಬೆರಳಚ್ಚನ್ನು ಹಿಂದಕ್ಕೆ ತಿರುಗಿಸಿ ದಾಖಲೆಯನ್ನು ಪಡೆಯಲಾಗದು. ಗಾಣದಿಂದ ಬಂದ ಎಣ್ಣೆಯನ್ನು ಮತ್ತೆ ಎಳ್ಳಾಗಿಸಲು ಸಾಧ್ಯವೇ? ಎರಡನೆಯದಾಗಿ, ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಗುರುತು ಸಿಗದಷ್ಟು ಬದಲಾಗುತ್ತದೆ. ರೋಗಿಯ ದಾಖಲೆಯಲ್ಲಿ ‘ಪೆನಿಸಿಲಿನ್ ಒಗ್ಗದು’ ಎಂದು ಇದೆಯೆನ್ನಿ. ಅದು ‘ಪೆನಿಸಿಲಿನ್ ಒಗ್ಗುವುದು’ ಎಂದಾದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಅತ್ಯಲ್ಪ. ಆ ಅಲ್ಪದಲ್ಲಿ ಒಬ್ಬ ಮನುಷ್ಯನ ಜೀವ ತೂಗುತ್ತಿರುತ್ತದೆ. ಎರಡು ವಾಕ್ಯಗಳ ಬೆರಳಚ್ಚುಗಳಿಗಾದರೋ ಪರಸ್ಪರ ಹೋಲಿಕೆಯೇ ಇರುವುದಿಲ್ಲ.

ಆದರೆ ಬೆರಳಚ್ಚೊಂದೇ ಇದ್ದರೆ ಸಾಲದು. ದಾಖಲೆಯನ್ನು ತಿದ್ದುವವನು ಹೊಸ ಬೆರಳಚ್ಚನ್ನು ತೆಗೆದು, ಹಳೆಯದರ ಜಾಗದಲ್ಲಿ ಇಡಬಹುದಲ್ಲ? ಇಲ್ಲಿ ನಮ್ಮ ತಾಮ್ರಶಾಸನಗಳನ್ನು ನೆನೆಯಬಹುದು. ತಗಡುಗಳಿಗೆ ರಂಧ್ರ ಮಾಡಿ, ಬಳೆಯೊಂದನ್ನು ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ರಾಜಮುದ್ರೆಯನ್ನು ಒತ್ತುತ್ತಿದ್ದರು. ಚಾಲುಕ್ಯರ ವರಾಹ, ಗಂಗರ ಆನೆ ಹೀಗೆ ಕಾವಲು ನಿಂತ ಮುದ್ರೆಗಳು. ಮುದ್ರೆಯನ್ನು ಒಡೆಯದೆ ಒಂದು ತಗಡನ್ನು ತೆಗೆಯಲೂ ಬಾರದು, ಸೇರಿಸಲೂ ಬಾರದು. ಬ್ಲಾಕ್‌ಚೈನಿನ ಬಳೆ ಇದಕ್ಕಿಂತ ಸೂಕ್ಷ್ಮವಾದುದು. ಒಂದು ಹೊತ್ತಿನ ದಾಖಲೆಗಳ ಬೆರಳಚ್ಚುಗಳನ್ನು ಎರಡೆರಡಾಗಿ ಸೇರಿಸಿ ಒಂದೊಂದು ಬೆರಳಚ್ಚು ಮಾಡುತ್ತಾರೆ. ಅವುಗಳನ್ನು ಮತ್ತೆ ಎರಡೆರಡಾಗಿ ಸೇರಿಸುತ್ತಾರೆ. ಹೀಗೆ ವಂಶವೃಕ್ಷವನ್ನು ಕೆಳಗಿನಿಂದ ಮೇಲಕ್ಕೆ ಏರಿದಂತೆ ಏರಿ, ಕೊನೆಗೆ ಮೂಲಪುರುಷನಂತೆ ಒಂದೇ ಮುದ್ರೆಯನ್ನು ತಲಪುತ್ತಾರೆ. ಆ ಮುದ್ರೆಯೊಳಗೆ ಹಿಂದಿನ ಹೊತ್ತಿನ ಮುದ್ರೆಯೂ ಬೆರೆತಿರುತ್ತದೆ. ಆದುದರಿಂದ ನಿನ್ನೆಯ ಒಂದು ಅಕ್ಷರವನ್ನು ತಿದ್ದಿದವನು ನಿನ್ನೆಯಿಂದ ಇಂದಿನವರೆಗಿನ ಎಲ್ಲ ಮುದ್ರೆಗಳನ್ನೂ ತಿದ್ದಬೇಕಾಗುತ್ತದೆ.

ತಿದ್ದಬೇಕಾದ ಮುದ್ರೆ ಅವನ ಕೈಗೆ ಸಿಗದಂತೆ ಮಾಡುವುದು ಮುಂದಿನ ಹೆಜ್ಜೆ. ಬಿಟ್‌ಕಾಯಿನ್‌ನಲ್ಲಿ ಇದಕ್ಕಾಗಿ ಸರಪಳಿಯ ಪ್ರತಿಗಳನ್ನು ಸಾವಿರಾರು ಗಣಕಯಂತ್ರಗಳಲ್ಲಿ ಇಟ್ಟಿರುತ್ತಾರೆ. ಹೇಬರ್ ಮತ್ತು ಸ್ಟಾರ್ನೆಟ್ಟರ ಸಂಸ್ಥೆ ಕಂಡುಕೊಂಡ ಉಪಾಯ ಸಾಹಿತ್ಯಪ್ರಿಯರಿಗೆ ಹಿಡಿಸುವಂಥದು. 1995ರಿಂದ ಅವರು ವಾರಕ್ಕೊಮ್ಮೆ ತಮ್ಮ ಮುದ್ರೆಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ, ಕಳೆದುಹೋದ ಮತ್ತು ಸಿಕ್ಕಿದ ವಸ್ತುಗಳ ಅಂಕಣದಲ್ಲಿ ಅಚ್ಚು ಹಾಕಿಸತೊಡಗಿದರು. ಪತ್ರಿಕೆ ಲಕ್ಷಾಂತರ ಮನೆಗಳಿಗೂ ಗ್ರಂಥಾಲಯಗಳಿಗೂ ಹೋಗಿಬಿಟ್ಟಿತು. ಇನ್ನು ಅದನ್ನು ತಿದ್ದುವವರು ಯಾರು? ಅತ್ಯಾಧುನಿಕವಾದ ಗಣಿತ ತನ್ನ ಸಾಕ್ಷಿಗಾಗಿ ಕೊನೆಗೆ ಅಚ್ಚಿನ ಕಾಗದವನ್ನೇ ಆಶ್ರಯಿಸಿತು.

ಈ ತತ್ತ್ವವನ್ನು ಒಂದು ಇಡೀ ರಾಷ್ಟ್ರದ ಆರೋಗ್ಯ ದಾಖಲೆಗಳಿಗೆ ಅನ್ವಯಿಸಿದ ದೇಶ ಎಸ್ಟೋನಿಯ. ಬಾಲ್ಟಿಕ್ ಸಮುದ್ರದ ದಡದ ಈ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಪಡೆದ ಮೇಲೆ ಅದು ಆಡಳಿತವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸುತ್ತ ಬಂದಿತು. 2001ರಲ್ಲಿ ಇಲಾಖೆಗಳ ದಾಖಲೆಗಳು ಪರಸ್ಪರ ಮಾತನಾಡಲು ‘ಎಕ್ಸ್-ರೋಡ್’ ಎಂಬ ಮಾರ್ಗ, 2002ರಲ್ಲಿ ನಾಗರಿಕರಿಗೆ ಗುರುತಿನ ಚೀಟಿ, 2008ರ ಕೊನೆಯಲ್ಲಿ ರಾಷ್ಟ್ರವ್ಯಾಪಿ ಆರೋಗ್ಯ ಮಾಹಿತಿ ವ್ಯವಸ್ಥೆ, 2010ರಲ್ಲಿ ಕಾಗದವಿಲ್ಲದ ಔಷಧ ಚೀಟಿ – ಹೀಗೆ ಒಂದೊಂದೇ ಮೆಟ್ಟಿಲು ಕಟ್ಟಿತು.

ಈ ನಡುವೆ, 2007ರ ಏಪ್ರಿಲ್ ಕೊನೆಯಲ್ಲಿ, ರಾಜಧಾನಿ ತಾಲಿನ್‌ನ ನಡುವಿನಲ್ಲಿದ್ದ ಸೋವಿಯತ್ ಕಾಲದ ಯೋಧನ ಕಂಚಿನ ಪ್ರತಿಮೆಯನ್ನು ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಿದಾಗ ಗಲಭೆಗಳಾದವು. ಅದರ ಬೆನ್ನಿಗೆ ಸರ್ಕಾರ, ಬ್ಯಾಂಕು, ಪತ್ರಿಕೆಗಳ ಗಣಕಜಾಲಗಳ ಮೇಲೆ ಕೆಲವು ವಾರ ದಾಳಿ ನಡೆಯಿತು. ಆ ದಾಳಿ ಕಚೇರಿಯ ಬಾಗಿಲಿಗೆ ಜನ ಮುಗಿಬಿದ್ದು ಯಾರೂ ಒಳಹೋಗದಂತೆ ಮಾಡಿದ ಹಾಗೆ. ಒಳಗಿನ ಕಡತಗಳನ್ನು ತಿದ್ದುವುದು ಅದರ ಗುರಿಯಾಗಿರಲಿಲ್ಲ. ಆದರೆ ಮುಂದೊಂದು ದಿನ ತಿದ್ದಿದರೆ? ಹೊರಗಿನವನಲ್ಲದೆ ಒಳಗಿನ ಅಧಿಕಾರಿಯೇ ತಿದ್ದಿದರೆ? ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ದೂರುವುದು ಯಾರಿಗೆ? ಕಾಗದದ ಮೂಲಪ್ರತಿಯನ್ನೇ ಉಳಿಸಿಕೊಳ್ಳದ ದೇಶಕ್ಕೆ ಇದು ಅಳಿವು ಉಳಿವಿನ ಪ್ರಶ್ನೆ.

ಅಹ್ತೊ ಬುಲ್ದಾಸ್ ಮೊದಲಾದ ಎಸ್ಟೋನಿಯದ ಗಣಿತಜ್ಞರು ಇಂಥ ಕಾಲಮುದ್ರೆಗಳ ಬಗ್ಗೆ ಆ ಮೊದಲೇ ಸಂಶೋಧನೆ ನಡೆಸಿದ್ದರು. 2007ರಲ್ಲಿ ‘ಗಾರ್ಡ್‌ಟೈಮ್’ ಎಂಬ ಸಂಸ್ಥೆ ಹುಟ್ಟಿತು. ಅದರ ಮುದ್ರೆಯ ಸರಪಳಿಯಲ್ಲಿ ಸೆಕೆಂಡಿಗೊಂದು ಕೊಂಡಿ ಬೀಳುತ್ತದೆ. ಅದರ ಸಾರಾಂಶವನ್ನು ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಪದ್ಧತಿಯನ್ನು ಈ ಸಂಸ್ಥೆಯೂ ಅನುಸರಿಸಿತು. 2008ರಲ್ಲಿ ಪ್ರಯೋಗ ಆರಂಭಿಸಿದ ಸರ್ಕಾರ 2012ರಿಂದ ತನ್ನ ದಾಖಲೆಗಳಿಗೆ ಈ ಮುದ್ರೆಯನ್ನು ಒತ್ತತೊಡಗಿತು. 10 ಲಕ್ಷಕ್ಕೂ ಮಿಗಿಲಾದ ರೋಗಿಗಳ ದಾಖಲೆಗಳಿಗೆ ಈ ರಕ್ಷಣೆ ಒದಗಿಸುವ ಒಪ್ಪಂದ 2016ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ರೋಗಿಯ ಕಾಯಿಲೆ, ರಕ್ತಪರೀಕ್ಷೆ, ಔಷಧ – ಇವು ಯಾವುವೂ ಆ ಸರಪಳಿಯಲ್ಲಿ ಇರುವುದಿಲ್ಲ. ಅವು ಎಂದಿನಂತೆ ಆರೋಗ್ಯ ಇಲಾಖೆಯ ಭಂಡಾರದಲ್ಲಿಯೇ ಇರುತ್ತವೆ. ಸರಪಳಿಗೆ ಹೋಗುವುದು ಬೆರಳಚ್ಚು ಮಾತ್ರ. ಇದು ಸರಿಯಾದ ಕ್ರಮ. ಏಕೆಂದರೆ ಸರಪಳಿಯಿಂದ ಏನನ್ನೂ ತೆಗೆಯಲು ಬರುವುದಿಲ್ಲ. ಯುರೋಪಿನಲ್ಲಿ 2018ರಲ್ಲಿ ಜಾರಿಗೆ ಬಂದ ಕಾನೂನಾದರೋ, ಕೆಲವು ಸಂದರ್ಭಗಳಲ್ಲಿ ತನ್ನ ಮಾಹಿತಿಯನ್ನು ಅಳಿಸಿಹಾಕೆಂದು ಕೇಳುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿದೆ. ಅಳಿಸಲಾಗದ ಕಡೆ ಕಾಯಿಲೆಯ ಕಥೆಯನ್ನು ಬರೆದಿಟ್ಟರೆ ಆ ಹಕ್ಕಿಗೆ ಅರ್ಥವೆಲ್ಲಿ? ಬೆರಳಚ್ಚನ್ನು ಇಡುವಾಗಲೂ ಎಚ್ಚರ ಬೇಕು. ಸಾಮಾನ್ಯ ಎಣಿಕೆಯಂತೆ ರಕ್ತದ ಗುಂಪುಗಳು 8. ಆ ಒಂದು ಮಾತಿನ ಬೆರಳಚ್ಚನ್ನಷ್ಟೇ ಇಟ್ಟರೆ, ಎಂಟನ್ನೂ ಗಾಣಕ್ಕೆ ಹಾಕಿ ನೋಡಿದವನಿಗೆ ಗುಟ್ಟು ಸುಲಭವಾಗಿ ತಿಳಿದುಬಿಡುತ್ತದೆ. ಅದಕ್ಕಾಗಿ ದಾಖಲೆಯ ಜೊತೆಗೆ ಯಾರೂ ಊಹಿಸಲಾಗದ ಒಂದು ಗುಪ್ತ ಸಂಖ್ಯೆಯನ್ನು ಬೆರೆಸಿ ಅರೆಯುತ್ತಾರೆ.

ನನಗೆ ಈ ವ್ಯವಸ್ಥೆಯಲ್ಲಿ ಅತ್ಯಂತ ಮೆಚ್ಚುಗೆಯಾದ ಅಂಶ ಬೇರೊಂದಿದೆ. ಎಸ್ಟೋನಿಯದ ರೋಗಿ ತನ್ನ ಗುರುತಿನ ಚೀಟಿಯ ಮೂಲಕ ತನ್ನ ದಾಖಲೆಯನ್ನು ತಾನೇ ತೆರೆದು ಓದಬಹುದು. ಅದನ್ನು ಯಾರು ಯಾರು, ಯಾವ ಹೊತ್ತಿನಲ್ಲಿ ನೋಡಿದರು ಎಂಬ ಪಟ್ಟಿಯೂ ಅಲ್ಲಿಯೇ ಇರುತ್ತದೆ. ಬೇಕಾದರೆ ಕೆಲವು ಭಾಗಗಳನ್ನು ವೈದ್ಯರ ಕಣ್ಣಿಗೂ ಮುಚ್ಚಬಹುದು. ಕಾರಣವಿಲ್ಲದೆ ಇಣುಕಿದ ವೈದ್ಯ ಉತ್ತರ ಕೊಡಬೇಕಾಗುತ್ತದೆ. ಇಣುಕಿದವನು ಆ ಪಟ್ಟಿಯಿಂದ ತನ್ನ ಹೆಸರನ್ನು ಗುಟ್ಟಾಗಿ ಅಳಿಸಲಾರನೆಂಬ ಭರವಸೆ ಇದ್ದರೆ ಮಾತ್ರ ಆ ಪಟ್ಟಿಗೆ ಬೆಲೆ. ಮುದ್ರೆಯ ಸರಪಳಿ ಆ ಭರವಸೆಯನ್ನು ಕೊಡುತ್ತದೆ.

ಇನ್ನು ಅದರ ಮಿತಿಗಳು. ಮೊದಲನೆಯದಾಗಿ, ದಾಖಲೆಯ ನಿಷ್ಠೆಯನ್ನು ಕಾಯುವುದು ಬೇರೆ, ಗುಟ್ಟನ್ನು ಕಾಯುವುದು ಬೇರೆ. ತಾಲಿನ್‌ನಿಂದ ಸುಮಾರು 80 ಕಿಲೋಮೀಟರ್ ಕಡಲು ದಾಟಿದರೆ ಫಿನ್ಲೆಂಡ್. ಅಲ್ಲಿಯ ‘ವಾಸ್ತಾಮೊ’ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ರೋಗಿಗಳ ದಾಖಲೆಗಳು ಕಳವಾದ ಸಂಗತಿ 2020ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದಿತು. ಚಿಕಿತ್ಸಕರ ಮುಂದೆ ಜನ ನಂಬಿ ತೋಡಿಕೊಂಡ ಮಾತುಗಳವು. ಹಣ ಕೊಡದಿದ್ದರೆ ಬಯಲು ಮಾಡುತ್ತೇವೆಂದು ಒಬ್ಬೊಬ್ಬ ರೋಗಿಗೂ ಬೆದರಿಕೆ ಹೋಯಿತು; ಕೆಲವರ ಮಾತುಗಳು ಬಯಲಾಗಿಯೂ ಹೋದವು. ಅಲ್ಲಿ ಯಾವ ಅಕ್ಷರವೂ ತಿದ್ದಿಹೋಗಿರಲಿಲ್ಲ. ಎಲ್ಲ ಮುದ್ರೆಗಳೂ ಸರಿಯಾಗಿಯೇ ಇದ್ದಿದ್ದರೂ ಆ ರೋಗಿಗಳ ಮಾನ ಉಳಿಯುತ್ತಿರಲಿಲ್ಲ. ಕದ್ದು ಓದುವವನಿಗೆ ಮುದ್ರೆ ಅಡ್ಡಿಯಲ್ಲ. ತಿದ್ದುವವನಿಗೆ ಮಾತ್ರ ಅಡ್ಡಿ.

ಎರಡನೆಯದು, ಬಾಗಿಲ ಕೀಲಿಯ ಪ್ರಶ್ನೆ. ಎಸ್ಟೋನಿಯದ ಗುರುತಿನ ಚೀಟಿಗಳ ಒಳಗಿನ ಪುಟ್ಟ ಯಂತ್ರದಲ್ಲಿ 2017ರಲ್ಲಿ ದೋಷವೊಂದು ಕಂಡುಬಂದಿತು. 7 ಲಕ್ಷಕ್ಕೂ ಹೆಚ್ಚು ಚೀಟಿಗಳಿಗೆ ಅದು ತಗುಲಿತ್ತು. ದುರುಪಯೋಗವಾದ ನಿದರ್ಶನ ಸಿಗದಿದ್ದರೂ ಸರ್ಕಾರ ಆ ವರ್ಷದ ನವೆಂಬರಿನಲ್ಲಿ ಅವುಗಳ ಗಣಕ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸತು ಪಡೆಯುವಂತೆ ಮಾಡಬೇಕಾಯಿತು. ಮನೆಯ ಗೋಡೆ ಎಷ್ಟು ಗಟ್ಟಿಯಾಗಿದ್ದರೇನು, ಬೀಗದಲ್ಲಿ ದೋಷವಿದ್ದರೆ?

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮುದ್ರೆ ಬಿದ್ದದ್ದೆಲ್ಲ ಸತ್ಯವಲ್ಲ. ನಮ್ಮ ಶಾಸನಗಳಲ್ಲಿ ಕೂಟಶಾಸನಗಳೆಂಬ ಒಂದು ವರ್ಗವೇ ಇದೆ. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟ್ ಅವರು ಕೃತಕವೆಂದು ತಳ್ಳಿಹಾಕಿದ್ದೂ, ರೈಸ್ ಅವರು ಅದನ್ನು ಒಪ್ಪದೆ ವಾದಿಸಿದ್ದೂ ಶಾಸನಾಧ್ಯಯನದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಬಳೆ, ಮುದ್ರೆಗಳಿದ್ದರೂ ಒಳಗಿನ ಮಾತನ್ನು ತಿಥಿ, ಲಿಪಿ, ವಂಶಾವಳಿಗಳಿಂದ ಪರೀಕ್ಷಿಸಬೇಕಾಯಿತು. ಆಸ್ಪತ್ರೆಯಲ್ಲಿಯೂ ಹಾಗೆಯೇ. ಒಬ್ಬ ರೋಗಿಯ ರಕ್ತದ ಸೀಸೆಗೆ ಇನ್ನೊಬ್ಬನ ಹೆಸರಿನ ಚೀಟಿ ಅಂಟಿದರೆ, ಆ ತಪ್ಪಿಗೂ ಅಷ್ಟೇ ನಿಷ್ಠೆಯಿಂದ ಮುದ್ರೆ ಬೀಳುತ್ತದೆ. ದಣಿದ ವೈದ್ಯ ನೋಡದ ನಾಡಿಯನ್ನು ನೋಡಿದೆನೆಂದು ಬರೆದರೆ, ಆ ಸುಳ್ಳು ಚಿರಾಯುವಾಗುತ್ತದೆ. ಬರೆದುದು ಬದಲಾಗಿಲ್ಲವೆಂದು ಸರಪಳಿ ಹೇಳಬಲ್ಲದು. ಬರೆದುದು ನಿಜವೆಂದು ಹೇಳಲಾರದು. ಆದುದರಿಂದ ತಿದ್ದುಪಡಿಗೆ ದಾರಿ ಇರಲೇಬೇಕು. ಒಳ್ಳೆಯ ಸಂಪಾದಕನು ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಂಡೇ ಶುದ್ಧಪಾಠವನ್ನು ಕೊಡುತ್ತಾನೆ. ಇಲ್ಲಿಯೂ ಹಳೆಯದನ್ನು ಉಳಿಸಿಕೊಂಡೇ, ಇಂಥವರು ಇಂಥ ದಿನ ಇಂಥ ಕಾರಣದಿಂದ ತಿದ್ದಿದರೆಂದು ಹೊಸದನ್ನು ಸೇರಿಸುವ ಕ್ರಮ ಬೇಕು.

ನಮ್ಮ ದೇಶದ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡೋಣ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಡೀ ದೇಶಕ್ಕೆ ವಿಸ್ತರಿಸಿತು. ಅದರಲ್ಲಿ ನೋಂದಾಯಿಸಿಕೊಂಡವರಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ದಾಖಲೆಗಳು ಅವು ಹುಟ್ಟಿದ ಆಸ್ಪತ್ರೆ, ಪ್ರಯೋಗಾಲಯಗಳಲ್ಲಿಯೇ ಇದ್ದು, ರೋಗಿಯ ಒಪ್ಪಿಗೆ ಪಡೆದು ಇನ್ನೊಂದೆಡೆಗೆ ಹೋಗಬೇಕೆಂಬುದು ಅದರ ತತ್ತ್ವ. ಒಪ್ಪಿಗೆಯನ್ನು ತಳಹದಿಯಾಗಿಟ್ಟುಕೊಂಡದ್ದು ಒಳ್ಳೆಯದು. ಆದರೆ ಓದು ಬಾರದ ರೋಗಿ, ಜ್ವರದಲ್ಲಿ ನಲುಗುತ್ತ ಚೀಟಿ ಬರೆಸುವ ಕಿಟಕಿಯ ಮುಂದೆ ನಿಂತಾಗ, ಯಾವುದಕ್ಕೆ ಒಪ್ಪಿದೆನೆಂದು ತಿಳಿದು ಒಪ್ಪುತ್ತಾನೆಯೇ? ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಯಂತ್ರಗಳ ಮೇಲೆ ದಾಳಿ ನಡೆದು, ದಾಖಲೆಗಳು ಬೀಗ ಹಾಕಿದಂತಾದವು. ಹಲವು ದಿನ ಅಲ್ಲಿಯ ನೋಂದಣಿ, ಪರೀಕ್ಷಾ ವರದಿಗಳ ಕೆಲಸ ಕೈಬರಹದಲ್ಲಿ ಸಾಗಬೇಕಾಯಿತು. ಇಂಥ ಸಂದರ್ಭದಲ್ಲಿಯೂ ಮುದ್ರೆಯ ಸರಪಳಿಯಿಂದ ಆಗುವ ಪ್ರಯೋಜನ ಅರ್ಧ ಮಾತ್ರ. ಮರಳಿ ಸಿಕ್ಕ ದಾಖಲೆ ಮೊದಲಿನದೇ ಎಂದು ಅದು ಸಿದ್ಧಪಡಿಸಿಕೊಟ್ಟೀತು. ಕಳೆದುಹೋದುದನ್ನು ಮರಳಿ ತಂದುಕೊಡಲಾರದು. ಅದಕ್ಕೆ ಬೇರೆಡೆ ಸುರಕ್ಷಿತವಾಗಿಟ್ಟ ಪ್ರತಿಯೇ ಬೇಕು.

ಹಾಗಾದರೆ ನಮಗೆ ಈ ಸರಪಳಿ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಸ್ಥಾನದಲ್ಲಿ ಬೇಕು. ಚಿಕಿತ್ಸೆಯ ನಡುವೆ ರೋಗಿ ತೀರಿಕೊಂಡನೆನ್ನಿ. ದಾಖಲೆಯನ್ನು ಆಮೇಲೆ ತಿದ್ದಿದ್ದಾರೆಂದು ಮನೆಯವರ ದೂರು; ತಿದ್ದಿಲ್ಲವೆಂದು ಆಸ್ಪತ್ರೆಯ ಉತ್ತರ. ಇಂಥ ವ್ಯಾಜ್ಯದಲ್ಲಿ ಇಬ್ಬರಿಗೂ ಸೇರದ ಸಾಕ್ಷಿಯೊಂದು ಇದ್ದರೆ ದುಃಖದಲ್ಲಿರುವವರಿಗೂ ನ್ಯಾಯ, ಪ್ರಾಮಾಣಿಕನಾದ ವೈದ್ಯನಿಗೂ ರಕ್ಷಣೆ. ಎಸ್ಟೋನಿಯದಿಂದ ಕಲಿಯಬೇಕಾದುದು ಕೆಲಸದ ಅನುಕ್ರಮವನ್ನು. ಗುರುತಿನ ಚೀಟಿ, ದಾಖಲೆಯ ಶಿಸ್ತು, ರೋಗಿಯ ಕೈಗೇ ಸಿಗುವ ಪಟ್ಟಿ – ಇವುಗಳ ಜೊತೆಗೆ ಕಾನೂನೂ ಇರುವಲ್ಲಿ ಅವರು ಮುದ್ರೆಯನ್ನು ಒತ್ತಿದರು. ಬರೆಯದೆ ಇರುವ ದಾಖಲೆಗೆ ಮುದ್ರೆ ಒತ್ತಿ ಫಲವೇನು?

ವೈದ್ಯರ ವೃತ್ತಿಧರ್ಮವನ್ನು ಕುರಿತ 2002ರ ನಿಯಮಾವಳಿ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದೂ, ರೋಗಿಯಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂದೂ ವಿಧಿಸಿತು. ಹೀಗೆ ಕೇಳಬಹುದೆಂಬುದೇ ನಮ್ಮಲ್ಲಿ ಹಲವರಿಗೆ ತಿಳಿಯದು. ನಮ್ಮ ದೇಹದ ಚರಿತ್ರೆಯ ಮೊದಲ ಓದುಗರು ನಾವೇ ಆಗಬೇಕು. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ದಾಖಲೆಯ ಪ್ರತಿಯನ್ನು ಕೇಳಿ ಪಡೆದು, ಹೆಸರು, ವಯಸ್ಸು, ರಕ್ತದ ಗುಂಪು, ಒಗ್ಗದ ಔಷಧ – ಇಷ್ಟನ್ನಾದರೂ ಓದಿ ನೋಡುವುದು, ಓದು ಬಾರದವರಿಗೆ ಓದಿ ಹೇಳುವುದು ನಮ್ಮಿಂದ ಆಗುವ ಕೆಲಸ. ಮುದ್ರೆ ಬೀಳುವ ಮೊದಲೇ ತಪ್ಪನ್ನು ಹಿಡಿಯಬಲ್ಲ ಕಣ್ಣು ಅದೊಂದೇ.

(ಬಾನುಲಿ ಭಾಷಣ)